ನಿದ್ರೆಯ ವೆಚ್ಚ

ತುಂಗಭದ್ರಾ ಜಲಾಶಯದ ಎಡದಂಡೆಯಿಂದ ಹೊರಡುವ ಮುಖ್ಯ ಕಾಲುವೆಯು ಕೊಪ್ಪಳ ಮತ್ತು ರಾಯಚೂರು ಜಿಲ್ಲೆಗಳಲ್ಲಿ ೨೨೭ ಕಿಲೋಮೀಟರು ದೂರ ಹರಿಯುತ್ತದೆ. ಗಂಗಾವತಿ, ಸಿಂಧನೂರುಗಳ ಬತ್ತದ ಗದ್ದೆಗಳನ್ನು ತಣಿಸಿ ಮಾನ್ವಿಯ ಸೀಮೆಗೆ ಬರುವ ವೇಳೆಗೆ ಹೊರಟಾಗಿನ ತುಂಬು ಮೈ ಅದಕ್ಕೆ ಇರುವುದಿಲ್ಲ. ರಾಯಚೂರಿನತ್ತ ಸಾಗಿದಂತೆ ಇನ್ನಷ್ಟು ಸೊರಗುತ್ತದೆ. ಈ ಕಾಲುವೆಯ ದೂರವನ್ನು ಜನರು ಇಂದಿಗೂ ಮೈಲಿಗಳಲ್ಲಿಯೇ ಹೇಳುವರು. ೬೯ನೆಯ ಮೈಲಿ, ೧೦೪ನೆಯ ಮೈಲಿ ಎಂಬ ಮಾತುಗಳು ಇಲ್ಲಿನ ರೈತರ ಬಾಯಲ್ಲಿ ಊರಿನ ಹೆಸರುಗಳಂತೆಯೇ ಬಳಕೆಯಾಗುತ್ತವೆ. ಆ ಮೈಲಿಯಲ್ಲಿ 'ಗೇಜು' ಎಷ್ಟಿದೆ ಎಂಬುದೇ ಅವರ ಮೊದಲ ಪ್ರಶ್ನೆ. ಗೇಜು ಎಂದರೆ ಆ ಸ್ಥಳದಲ್ಲಿ ಕಾಲುವೆಯಲ್ಲಿ ನಿಂತಿರುವ ನೀರಿನ ಎತ್ತರ. ಅದು ಒಂದು ಅಡಿ ಇಳಿಯಿತೆಂದರೆ ಕಾಲುವೆಯ ಕೊನೆಯ ಭಾಗದ ಹೊಲಗಳಿಗೆ ನೀರು ಏರುವುದಿಲ್ಲ. ತೆನೆ ಹೊರಡುವ ಹೊತ್ತಿನಲ್ಲಿ ಬತ್ತಕ್ಕೆ ನೀರು ತಪ್ಪಿದರೆ ಕಾಳು ಜೊಳ್ಳಾಗುವುದು. ಆದುದರಿಂದಲೇ ಗೇಜನ್ನು ಕಾಯ್ದುಕೊಳ್ಳಬೇಕೆಂದು ಇಲ್ಲಿ ಮತ್ತೆ ಮತ್ತೆ ಬೇಡಿಕೆ ಏಳುತ್ತದೆ, ಧರಣಿಗಳೂ ನಡೆಯುತ್ತವೆ.

ಕಾಲುವೆಯ ಅಂಚಿನಲ್ಲಿ ಅಡಿ, ಅಂಗುಲಗಳ ಗುರುತುಳ್ಳ ಪಟ್ಟಿಯೊಂದನ್ನು ನೀವು ನೋಡಿರಬಹುದು. ಹಗಲಿನಲ್ಲಿ ಅದನ್ನು ಓದಿ ಬರೆದುಕೊಳ್ಳುವುದು ಸುಲಭ. ಆದರೆ ರಾತ್ರಿ ಎರಡು ಗಂಟೆಗೆ ನೀರು ಎಷ್ಟಿತ್ತು? ಮೇಲಿನ ಭಾಗದಲ್ಲಿ ರಾತ್ರಿಯೆಲ್ಲ ನೀರನ್ನು ಹೆಚ್ಚಾಗಿ ತಿರುಗಿಸಿಕೊಂಡು ಬೆಳಗಿನ ಜಾವಕ್ಕೆ ಬಿಟ್ಟರೆ, ಸೂರ್ಯೋದಯದ ನಂತರ ಪಟ್ಟಿಯನ್ನು ಓದುವವನಿಗೆ ಎಲ್ಲವೂ ಸರಿಯಾಗಿಯೇ ಕಾಣುವುದು. ಕೊನೆಯ ಭಾಗದ ರೈತನು ತನಗೆ ನೀರು ಬರಲಿಲ್ಲವೆಂದು ಹೇಳಿದರೆ ಅದಕ್ಕೆ ಸಾಕ್ಷಿ ಯಾವುದು?

ದೊಡ್ಡ ಕಾಲುವೆಗಳಿಗೆ ಇಂತಹ ಸಾಕ್ಷಿ ಈಗ ದೊರೆಯತೊಡಗಿದೆ. ದೇವದುರ್ಗದ ಎದುರಿಗೆ, ಕೃಷ್ಣೆಯ ಆಚೆಯ ದಡದಲ್ಲಿ ಹರಿಯುವ ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯನ್ನು ೨೦೨೩ರ ಜನವರಿ ೧೯ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ತೂಬಿನ ಬಾಗಿಲುಗಳನ್ನು ದೂರದಿಂದಲೇ ಏರಿಸಿ ಇಳಿಸುವ, ನೀರಿನ ಮಟ್ಟವನ್ನು ಯಂತ್ರಗಳೇ ತಿಳಿಸುವ ವ್ಯವಸ್ಥೆ ಅದು. ಆದರೆ ಮುಖ್ಯ ಕಾಲುವೆಯಿಂದ ವಿತರಣಾ ಕಾಲುವೆಗೆ, ಅಲ್ಲಿಂದ ಹೊಲಗಾಲುವೆಗೆ ಇಳಿಯುತ್ತ ಹೋದಂತೆ ತುದಿಗಳು ಸಾವಿರಾರು. ಮಾನ್ವಿಯ ಕಡೆಯ ಒಂದು ಹೊಲಗಾಲುವೆಯ ತುದಿಗೂ, ದೇವದುರ್ಗಕ್ಕೆ ನೀರುಣಿಸುವ ನಾರಾಯಣಪುರ ಬಲದಂಡೆ ಕಾಲುವೆಯ ಕೊನೆಯ ಕವಲಿಗೂ ಕೋಟಿಗಟ್ಟಲೆ ಬೆಲೆಯ ಯಂತ್ರಗಳು ಬೇಕಾಗಿಲ್ಲ. ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ನೀರಿನ ಎತ್ತರವನ್ನು ಅಳೆದು ರೇಡಿಯೊ ಮೂಲಕ ಊರಿಗೆ ತಿಳಿಸುವ, ಅಂಗೈಯಗಲದ ಒಂದು ಪೆಟ್ಟಿಗೆ ಸಾಕು. ಅಂತಹ ಪೆಟ್ಟಿಗೆಯೊಂದನ್ನು ನಾವು ತಯಾರಿಸುತ್ತಿರುವೆವೆಂದು ಭಾವಿಸೋಣ. ಅದನ್ನು ನಿಲ್ಲಿಸಬೇಕಾದ ಜಾಗದಲ್ಲಿ ವಿದ್ಯುತ್ ತಂತಿ ಇಲ್ಲ. ಎರಡು ಪೆನ್‌ಟಾರ್ಚ್ ಸೆಲ್ಲುಗಳೇ ಅದರ ಅನ್ನ. ಆ ಅನ್ನ ಎಷ್ಟು ದಿನ ಬಂದೀತು?

ಇಂತಹ ಪೆಟ್ಟಿಗೆಯ ಒಳಗಿರುವ ಮುಖ್ಯ ಅಂಗಕ್ಕೆ ಮೈಕ್ರೊಕಂಟ್ರೋಲರ್ ಎಂದು ಹೆಸರು. ಅದು ಉಗುರಿನಷ್ಟು ಅಗಲವಾದ ಸಿಲಿಕಾನ್ ಚಿಪ್ಪು; ಲೆಕ್ಕ ಮಾಡುವ ಭಾಗ, ನೆನಪಿಡುವ ಭಾಗ, ಕಾಲವನ್ನು ಎಣಿಸುವ ಭಾಗ ಎಲ್ಲವೂ ಅದರಲ್ಲಿಯೇ ಅಡಕವಾಗಿರುತ್ತವೆ. ಬರಿಯ ಚಿಪ್ಪನ್ನು ಕೈಯಲ್ಲಿ ಹಿಡಿದು ಕಲಿಯುವುದು ಕಷ್ಟವಾದುದರಿಂದ ಅದನ್ನು ಬೇಕಾದ ಪರಿಕರಗಳೊಡನೆ ಒಂದು ಹಸಿರು ಅಥವಾ ನೀಲಿ ಫಲಕದ ಮೇಲೆ ಕೂರಿಸಿ ಮಾರುವರು. ೨೦೦೫ರಲ್ಲಿ ಇಟಲಿಯ ಇವ್ರೇಯಾ ಎಂಬ ಊರಿನಲ್ಲಿ ಹುಟ್ಟಿದ ಆರ್ಡುಯಿನೊ ಫಲಕ ಇವುಗಳಲ್ಲಿ ಬಹಳ ಪ್ರಸಿದ್ಧವಾದುದು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ತಾನೇ ರೂಪಿಸಿದ ತೇಜಸ್ ಚಿಪ್ಪನ್ನಿರಿಸಿ ಏರೀಸ್ ಎಂಬ ಫಲಕಗಳನ್ನು ಹೊರತಂದಿದೆ. ೨೦೧೬ರಲ್ಲಿ ಆರಂಭವಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಮೂಲಕ ಇಂತಹ ಫಲಕಗಳು ಅನೇಕ ಶಾಲೆಗಳಿಗೂ ಬಂದಿವೆ.

ಫಲಕದ ವೆಚ್ಚವನ್ನು ಅಳೆಯುವ ಮೊದಲು ಎರಡು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಾಲುವೆಯ ಊರಿನವರಿಗೆ ಇದು ಕಷ್ಟವಲ್ಲ. ಕಾಲುವೆಯಲ್ಲಿ ಇಷ್ಟು ಕ್ಯೂಸೆಕ್ ಹರಿಯುತ್ತಿದೆ ಎನ್ನುವುದು ಹರಿವಿನ ರಭಸವನ್ನು ತಿಳಿಸುವ ಮಾತು. ಜಲಾಶಯದಲ್ಲಿ ಇಷ್ಟು ಟಿ.ಎಂ.ಸಿ. ನೀರಿದೆ ಎನ್ನುವುದು ಸಂಗ್ರಹದ ಮಾತು. ೧೧,೫೭೪ ಕ್ಯೂಸೆಕ್ ನೀರು ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿ.ಎಂ.ಸಿ. ಖರ್ಚಾಗುತ್ತದೆ. ವಿದ್ಯುತ್ತಿನಲ್ಲಿ ಕ್ಯೂಸೆಕ್ಕಿನ ಸ್ಥಾನದಲ್ಲಿರುವುದು ಆಂಪಿಯರ್. ಅದರ ಸಾವಿರದಲ್ಲೊಂದು ಭಾಗ ಮಿಲಿ ಆಂಪಿಯರ್, ಹತ್ತು ಲಕ್ಷದಲ್ಲೊಂದು ಭಾಗ ಮೈಕ್ರೊ ಆಂಪಿಯರ್. ಟಿ.ಎಂ.ಸಿ.ಯ ಸ್ಥಾನದಲ್ಲಿರುವುದು ಮಿಲಿ ಆಂಪಿಯರ್-ಗಂಟೆ. ನಮ್ಮ ಸೆಲ್ಲುಗಳಲ್ಲಿ ೨೦೦೦ ಮಿಲಿ ಆಂಪಿಯರ್-ಗಂಟೆಗಳಷ್ಟು ಸಂಗ್ರಹವಿದೆ ಎಂದು ಹಿಡಿಯೋಣ. ಸೆಲ್ಲುಗಳನ್ನು ಒಂದರ ಹಿಂದೊಂದು ಜೋಡಿಸಿದಾಗ ವೋಲ್ಟ್ ಕೂಡುವುದೇ ಹೊರತು ಈ ಸಂಗ್ರಹ ಇಮ್ಮಡಿಯಾಗುವುದಿಲ್ಲ. ಅದರಿಂದ ೨೦ ಮಿಲಿ ಆಂಪಿಯರ್‌ನಂತೆ ಎಳೆದರೆ ನೂರು ಗಂಟೆಗಳಲ್ಲಿ ಜಲಾಶಯ ಬರಿದು.

ನಮ್ಮ ಪೆಟ್ಟಿಗೆ ಎಚ್ಚರವಾಗಿರುವಾಗ ಸರಾಸರಿ ೧೮ ಮಿಲಿ ಆಂಪಿಯರ್ ಬಳಸುತ್ತದೆ ಎಂದಿಟ್ಟುಕೊಳ್ಳೋಣ. ಅದು ಸದಾ ಎಚ್ಚರವಾಗಿದ್ದರೆ ಸೆಲ್ಲುಗಳು ಐದು ದಿನವೂ ಬಾರವು. ಆದರೆ ಅದಕ್ಕೆ ಸದಾ ಎಚ್ಚರವಾಗಿರಬೇಕಾದ ಅಗತ್ಯವೇನಿದೆ? ಹೊಲದ ಗುಡಿಸಲಿನಲ್ಲಿ ಮಲಗಿ, ಮಡಿಯಿಂದ ಮಡಿಗೆ ನೀರು ತಿರುಗಿಸಲು ಮಾತ್ರ ಏಳುವ ರೈತನಂತೆ, ಈ ಚಿಪ್ಪೂ ಹದಿನೈದು ನಿಮಿಷಕ್ಕೊಮ್ಮೆ ಒಂದು ಸೆಕೆಂಡು ಎದ್ದು ಕೆಲಸ ಮುಗಿಸಿ ಮತ್ತೆ ಮಲಗಬಹುದು.

ಚಿಪ್ಪು ಮಲಗುವುದೆಂದರೇನು? ಅದರೊಳಗೆ ಲಕ್ಷಾಂತರ ಸೂಕ್ಷ್ಮ ಸ್ವಿಚ್ಚುಗಳಿವೆ. ಒಂದು ಸ್ವಿಚ್ಚು ತೆರೆದೇ ಇದ್ದಾಗಲಾಗಲಿ ಮುಚ್ಚಿಯೇ ಇದ್ದಾಗಲಾಗಲಿ ವಿದ್ಯುತ್ತನ್ನು ಹೆಚ್ಚು ಬಳಸುವುದಿಲ್ಲ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವಾಗ ಮಾತ್ರ ಗುಟುಕೊಂದನ್ನು ಕುಡಿಯುತ್ತದೆ. ಹೊರಳಿಸುವ ತಾಳವನ್ನು ಹಾಕುವುದು ಸೆಕೆಂಡಿಗೆ ಹತ್ತು ಲಕ್ಷ ಸಲವೋ ಕೋಟಿ ಸಲವೋ ಮಿಡಿಯುವ ಒಂದು ಗಡಿಯಾರ. ಆ ತಾಳವನ್ನು ನಿಲ್ಲಿಸಿಬಿಟ್ಟರೆ ಕುಣಿತವೆಲ್ಲ ನಿಲ್ಲುತ್ತದೆ, ಕುಡಿತವೂ ನಿಲ್ಲುತ್ತದೆ. ಎಬ್ಬಿಸುವ ಕೆಲಸಕ್ಕಾಗಿ ಮಾತ್ರ ಕೈಗಡಿಯಾರದಲ್ಲಿರುವಂತಹ ಸ್ಫಟಿಕವೊಂದು ಸೆಕೆಂಡಿಗೆ ೩೨,೭೬೮ ಬಾರಿ ಮೆಲ್ಲಗೆ ಮಿಡಿಯುತ್ತಿರುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿ ನೋಡಿರಿ; ಒಂದು ಉಳಿಯುವುದು. ಅರ್ಧ ಮಾಡುವ ಕೆಲಸ ಚಿಪ್ಪಿಗೆ ಅತಿ ಸುಲಭವಾದುದರಿಂದ ಈ ವಿಚಿತ್ರ ಸಂಖ್ಯೆಯನ್ನು ಆರಿಸಿದ್ದಾರೆ.

ಆರ್ಡುಯಿನೊ ಯುನೊ ಫಲಕದ ಮೇಲಿರುವ ಎಟಿಮೆಗಾ ೩೨೮ಪಿ ಎಂಬ ಚಿಪ್ಪನ್ನೇ ತೆಗೆದುಕೊಳ್ಳೋಣ. ೧.೮ ವೋಲ್ಟ್‌ನಲ್ಲಿ, ೨೫ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸೆಕೆಂಡಿಗೆ ಹತ್ತು ಲಕ್ಷ ಮಿಡಿತದೊಡನೆ ಕೆಲಸ ಮಾಡುವಾಗ ಅದು ೦.೨ ಮಿಲಿ ಆಂಪಿಯರ್ ಬಳಸುತ್ತದೆ, ಗಾಢನಿದ್ರೆಯಲ್ಲಿ ೦.೧ ಮೈಕ್ರೊ ಆಂಪಿಯರ್ ಮಾತ್ರ. ಇದು ತಯಾರಕರೇ ಕೈಪಿಡಿಯಲ್ಲಿ ಕೊಟ್ಟಿರುವ ಅಂಕಿ. ಎಚ್ಚರಕ್ಕೂ ನಿದ್ರೆಗೂ ಎರಡು ಸಾವಿರ ಪಟ್ಟು ಅಂತರ! ಕುಂಭಕರ್ಣನಿಗೂ ಇಂತಹ ನಿದ್ರೆ ಸಾಧ್ಯವಾಗಿರಲಾರದು.

ಈಗ ನಮ್ಮ ಪೆಟ್ಟಿಗೆಯ ಲೆಕ್ಕ ಮಾಡೋಣ. ೯೦೦ ಸೆಕೆಂಡುಗಳಲ್ಲಿ ಒಂದು ಸೆಕೆಂಡು ಮಾತ್ರ ೧೮ ಮಿಲಿ ಆಂಪಿಯರ್. ಅದನ್ನು ಇಡೀ ಅವಧಿಗೆ ಹಂಚಿದರೆ ೨೦ ಮೈಕ್ರೊ ಆಂಪಿಯರ್ ಆಗುತ್ತದೆ. ಉಳಿದ ಸಮಯದಲ್ಲಿ ಚಿಪ್ಪು, ರೇಡಿಯೊ, ಮಟ್ಟಮಾಪಕ ಎಲ್ಲವೂ ಸೇರಿ ನಿದ್ರೆಯಲ್ಲಿ ೫ ಮೈಕ್ರೊ ಆಂಪಿಯರ್ ಬಳಸುತ್ತವೆ ಎನ್ನೋಣ. ಒಟ್ಟು ೨೫. ಸೆಲ್ಲುಗಳ ೨೦೦೦ ಮಿಲಿ ಆಂಪಿಯರ್-ಗಂಟೆಗಳನ್ನು ಇದರಿಂದ ಭಾಗಿಸಿದರೆ ೮೦,೦೦೦ ಗಂಟೆ, ಎಂದರೆ ಒಂಬತ್ತು ವರ್ಷಕ್ಕೂ ಹೆಚ್ಚು. ಸೆಲ್ಲುಗಳು ಸುಮ್ಮನೆ ಇಟ್ಟರೂ ಮುದಿಯಾಗುವುದರಿಂದ ಒಂಬತ್ತು ವರ್ಷ ಎನ್ನುವುದು ಕಾಗದದ ಮೇಲಿನ ಮಾತು. ಐದೇ ದಿನ ಬಾರದಿದ್ದ ಸೆಲ್ಲು ವರ್ಷಗಟ್ಟಲೆ ಬಂದೀತೆಂಬುದು ಮಾತ್ರ ನಿಜ.

ಈ ವೆಚ್ಚ ಎಷ್ಟು ಅಲ್ಪವೆಂಬುದನ್ನು ಬೇರೆ ರೀತಿಯಲ್ಲಿಯೂ ನೋಡಬಹುದು. ಮನೆಯ ಗೋಡೆಯ ಮೇಲಿರುವ ಇಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಮೀಟರಿನ ಮೇಲೆ ಒಂದು ಯೂನಿಟ್ಟಿಗೆ ೩೨೦೦ ಮಿಣುಕು ಎಂದು ಬರೆದಿದ್ದರೆ, ಒಂದು ಮಿಣುಕಿಗೆ ೧೧೨೫ ಜೂಲ್ ಶಕ್ತಿ ಖರ್ಚಾಯಿತೆಂದು ಅರ್ಥ. ನಮ್ಮ ಪೆಟ್ಟಿಗೆ ಮೂರು ವೋಲ್ಟ್‌ನಲ್ಲಿ ೨೫ ಮೈಕ್ರೊ ಆಂಪಿಯರ್ ಬಳಸಿದರೆ ಅದರ ಸಾಮರ್ಥ್ಯ ೭೫ ಮೈಕ್ರೊವ್ಯಾಟ್. ಅದನ್ನು ಆ ಮೀಟರು ಅಳೆಯಬಲ್ಲುದಾಗಿದ್ದರೆ ಒಂದು ಸಲ ಮಿಣುಕಲು ಸುಮಾರು ೧೭೪ ದಿನ ಹಿಡಿಯುತ್ತಿತ್ತು. ಬತ್ತದ ಒಂದು ಬೆಳೆ ಬಂದು ಹೋದರೂ ದೀಪ ಒಮ್ಮೆಯೂ ಮಿಣುಕದು. ರಾಯಚೂರಿನ ಬಳಿಯ ಶಕ್ತಿನಗರದಲ್ಲಿ ೧೯೮೫ರಲ್ಲಿ ಮೊದಲ ಘಟಕವನ್ನು ಆರಂಭಿಸಿದ ಶಾಖೋತ್ಪನ್ನ ಕೇಂದ್ರಕ್ಕೆ ಈಗ ಎಂಟು ಘಟಕಗಳಿದ್ದು, ಅವುಗಳ ಒಟ್ಟು ಸಾಮರ್ಥ್ಯ ೧೭೨೦ ಮೆಗಾವ್ಯಾಟ್. ಆ ಕೇಂದ್ರದ ಪೂರ್ಣ ಸಾಮರ್ಥ್ಯವನ್ನು ನಮ್ಮ ಪೆಟ್ಟಿಗೆಗಳಿಗೆ ಹಂಚಿದರೆ ಇಪ್ಪತ್ತೆರಡು ಲಕ್ಷ ಕೋಟಿಗೂ ಹೆಚ್ಚು ಪೆಟ್ಟಿಗೆಗಳು ಬದುಕಬಹುದು.

ಆದರೆ ಇದುವರೆಗೆ ನಾವು 'ಎಂದಿಟ್ಟುಕೊಳ್ಳೋಣ', 'ಎನ್ನೋಣ' ಎಂದೇ ಹೇಳುತ್ತ ಬಂದಿದ್ದೇವೆ. ಆ ೫ ಮೈಕ್ರೊ ಆಂಪಿಯರ್ ನಿಜವಾಗಿಯೂ ಐದೇ ಆಗಿದೆಯೆ ಎಂದು ಅಳೆದು ನೋಡಿದವರು ಯಾರು? ಹಳೆಯ ಟಾರ್ಚಿನ ಪುಟ್ಟ ಬಲ್ಬು ಸುಮಾರು ೩೦೦ ಮಿಲಿ ಆಂಪಿಯರ್ ಬಳಸುತ್ತಿತ್ತು. ಅದರ ಅರವತ್ತು ಸಾವಿರದಲ್ಲೊಂದು ಭಾಗವನ್ನು ನಾವು ಈಗ ಹಿಡಿಯಬೇಕಾಗಿದೆ. ಮತ್ತು ಅದನ್ನು ಹಿಡಿಯುವುದು, ನಮ್ಮ ಊಹೆಗೆ ಮೀರಿದಷ್ಟು ತಾಪತ್ರಯದ ಕೆಲಸ.

ಪ್ರವಾಹವನ್ನು ಅಳೆಯುವ ಸಾಮಾನ್ಯ ಕ್ರಮವಿದು: ಸೆಲ್ಲಿನಿಂದ ಫಲಕಕ್ಕೆ ಹೋಗುವ ತಂತಿಯನ್ನು ಕತ್ತರಿಸಿ ನಡುವೆ ಮಲ್ಟಿಮೀಟರನ್ನು ಸೇರಿಸುವುದು. ಪ್ರವಾಹವು ಮೀಟರಿನ ಒಳಗಿರುವ ಒಂದು ಚಿಕ್ಕ ರೋಧದ ಮೂಲಕ ಹಾದುಹೋಗುತ್ತದೆ. ರೋಧದ ಎರಡು ತುದಿಗಳ ನಡುವೆ ಉಂಟಾಗುವ ವಿಭವಾಂತರವನ್ನು ನೋಡಿ, ಓಮನ ನಿಯಮದಂತೆ, ಮೀಟರು ಪ್ರವಾಹವನ್ನು ಹೇಳುತ್ತದೆ. ರೋಧ ಹೆಚ್ಚಿದ್ದಷ್ಟೂ ಸಣ್ಣ ಪ್ರವಾಹ ಚೆನ್ನಾಗಿ ಕಾಣಿಸುವುದು. ಆದರೆ ಆ ವಿಭವಾಂತರ ಎಲ್ಲಿಂದ ಬಂತು? ಫಲಕಕ್ಕೆ ಸಲ್ಲಬೇಕಾಗಿದ್ದ ಮೂರು ವೋಲ್ಟ್‌ನಿಂದಲೇ ಅಷ್ಟನ್ನು ಕಿತ್ತುಕೊಂಡದ್ದು. ಅಳೆಯುವವನು ಅಳೆಸಿಕೊಳ್ಳುವವನಿಂದಲೇ ಸುಂಕ ವಸೂಲು ಮಾಡಿದಂತಾಯಿತು.

ಮೈಕ್ರೊ ಆಂಪಿಯರ್ ಶ್ರೇಣಿಯಲ್ಲಿ ಮೀಟರಿನ ರೋಧ ಒಂದು ಸಾವಿರ ಓಮ್ ಇದೆಯೆಂದು ತಿಳಿಯಿರಿ. ಫಲಕ ನಿದ್ರಿಸುತ್ತಿರುವಾಗ ೫ ಮೈಕ್ರೊ ಆಂಪಿಯರ್ ಹರಿದರೆ ಸುಂಕ ಕೇವಲ ೫ ಮಿಲಿವೋಲ್ಟ್, ಯಾರಿಗೂ ನೋವಿಲ್ಲ. ಆದರೆ ಫಲಕ ಎಚ್ಚತ್ತು ೧೮ ಮಿಲಿ ಆಂಪಿಯರ್ ಬೇಡಿದೊಡನೆ ಸುಂಕ ೧೮ ವೋಲ್ಟ್ ಆಗಬೇಕು. ಇರುವುದೇ ಮೂರು ವೋಲ್ಟ್! ಫಲಕಕ್ಕೆ ಅನ್ನವೇ ಸಿಗದೆ ಅದು ಕುಸಿದುಬೀಳುತ್ತದೆ, ಮತ್ತೆ ಮೊದಲಿನಿಂದ ಏಳಲು ಯತ್ನಿಸುತ್ತದೆ, ಮತ್ತೆ ಬೀಳುತ್ತದೆ. ಹಾಗಾದರೆ ಒಂದು ಓಮ್ ರೋಧವುಳ್ಳ ಮಿಲಿ ಆಂಪಿಯರ್ ಶ್ರೇಣಿಯನ್ನು ಬಳಸೋಣವೆಂದರೆ, ಎಚ್ಚರದ ಪ್ರವಾಹ ಸೊಗಸಾಗಿ ಕಾಣುವುದು. ನಿದ್ರೆಯ ಪ್ರವಾಹ ಮಾತ್ರ ಸೊನ್ನೆ ಎಂದು ತೋರುವುದು. ಹಟ್ಟಿಯ ಚಿನ್ನವನ್ನು ತೂಗುವ ಅಕ್ಕಸಾಲಿಗನ ತಕ್ಕಡಿಯೊಂದಿದೆ, ರಾಯಚೂರಿನ ಮಾರುಕಟ್ಟೆಗೆ ಬರುವ ಹತ್ತಿಯ ಲಾರಿಗಳನ್ನು ತೂಗುವ ಕಟ್ಟೆಯೊಂದಿದೆ. ಒಂದೇ ವಸ್ತುವು ಈ ಕ್ಷಣ ಗುಲಗಂಜಿಯಾಗಿ ಮರುಕ್ಷಣ ಲಾರಿಯಾಗುವುದಾದರೆ ಅದನ್ನು ಯಾವುದರಲ್ಲಿ ತೂಗುವಿರಿ? ಎಚ್ಚರಕ್ಕೂ ನಿದ್ರೆಗೂ ಇಲ್ಲಿ ೩೬೦೦ ಪಟ್ಟು ಅಂತರ.

ದೊಡ್ಡ ಪ್ರಯೋಗಾಲಯಗಳಲ್ಲಿ ಇದಕ್ಕೆಂದೇ ಮಾಡಿದ ಉಪಕರಣಗಳಿವೆ. ಅವು ಕಣ್ಣೆವೆಯಿಕ್ಕುವುದಕ್ಕಿಂತ ಬೇಗನೆ ತಮ್ಮ ರೋಧವನ್ನು ಬದಲಾಯಿಸಿಕೊಂಡು ಗುಲಗಂಜಿಯನ್ನೂ ಲಾರಿಯನ್ನೂ ಒಂದೇ ಸಮನೆ ತೂಗಬಲ್ಲವು. ಕೆಲವು ಕಂಪನಿಗಳು ಇಂತಹ ಏರ್ಪಾಟನ್ನು ಫಲಕದ ಮೇಲೆಯೇ ಒದಗಿಸುತ್ತವೆ. ಎಚ್ಚರದ ಒಂದು ಸೆಕೆಂಡಿನಲ್ಲಿ ಏನಾಯಿತೆಂದು ನೋಡಲು ಸಣ್ಣ ರೋಧವೊಂದಕ್ಕೆ ಆಸಿಲೋಸ್ಕೋಪನ್ನು ಜೋಡಿಸಿದರೂ ಸಾಕು. ಪ್ರವಾಹದ ಏರಿಳಿತ ಬೆಟ್ಟಗುಡ್ಡಗಳ ಸಾಲಿನಂತೆ ತೆರೆಯ ಮೇಲೆ ಮೂಡುವುದು. ಮಟ್ಟಮಾಪಕದ ಗುಡ್ಡ ಚಿಕ್ಕದು, ರೇಡಿಯೊದ ಬೆಟ್ಟ ಕಡಿದಾದುದು. ಆ ಬೆಟ್ಟಗಳ ಕೆಳಗಿನ ವಿಸ್ತೀರ್ಣವೇ ಖರ್ಚಾದ ವಿದ್ಯುದಾವೇಶ.

ನಿದ್ರೆಯ ವೆಚ್ಚವನ್ನು ಅಳೆಯಲು ಮಾತ್ರ ಶಾಲೆಯಲ್ಲಿಯೇ ಸಾಧ್ಯವಾಗುವ ಒಂದು ಚೆಲುವಾದ ಉಪಾಯವಿದೆ. ಹಿಂದೆ ಮುಹೂರ್ತವನ್ನು ನೋಡಲು ಗಳಿಗೆ ಬಟ್ಟಲನ್ನು ಬಳಸುತ್ತಿದ್ದರಷ್ಟೆ. ತಳದಲ್ಲಿ ಸಣ್ಣ ತೂತುಳ್ಳ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ೨೪ ನಿಮಿಷ ಬೇಕಾಗುತ್ತಿತ್ತು. ತೂತಿನ ಮೂಲಕ ಬರುವ ಸಣ್ಣ ಧಾರೆಯನ್ನು ಯಾರೂ ಅಳೆಯುತ್ತಿರಲಿಲ್ಲ. ಬಟ್ಟಲು ತುಂಬುವ ಕಾಲವನ್ನು ಅಳೆಯುತ್ತಿದ್ದರು. ನಾವೂ ಹಾಗೆಯೇ ಮಾಡಬಹುದು. ಇಲ್ಲಿ ಬಟ್ಟಲಿನ ಬದಲು ಧಾರಕ, ಜನರ ಮಾತಿನಲ್ಲಿ ಕೆಪಾಸಿಟರ್. ಹಳೆಯ ರೇಡಿಯೊಗಳಲ್ಲಿ ಕಾಣುವಂತಹ ೧೦೦೦ ಮೈಕ್ರೊಫ್ಯಾರಡ್ ಧಾರಕವನ್ನು ೩.೩ ವೋಲ್ಟ್‌ವರೆಗೆ ತುಂಬಿ, ಸೆಲ್ಲನ್ನು ತೆಗೆದುಹಾಕಿ, ನಿದ್ರಿಸುತ್ತಿರುವ ಫಲಕವನ್ನು ಅದರಿಂದಲೇ ನಡೆಯಬಿಡಬೇಕು. ವಿಭವಾಂತರ ನಿಧಾನವಾಗಿ ಇಳಿಯತೊಡಗುತ್ತದೆ. ೩.೩ರಿಂದ ೩.೦ಕ್ಕೆ ಇಳಿದಾಗ ಧಾರಕದಿಂದ ಹೊರಹೋದ ಆವೇಶ ೩೦೦ ಮೈಕ್ರೊಕೂಲಂಬ್. ೫ ಮೈಕ್ರೊ ಆಂಪಿಯರ್ ಎಂದರೆ ಸೆಕೆಂಡಿಗೆ ೫ ಮೈಕ್ರೊಕೂಲಂಬ್. ಆದುದರಿಂದ ಇಳಿಯಲು ಸರಿಯಾಗಿ ೬೦ ಸೆಕೆಂಡು ಹಿಡಿಯಬೇಕು. ೩೦ ಸೆಕೆಂಡಿನಲ್ಲಿಯೇ ಇಳಿದರೆ ವೆಚ್ಚ ಹತ್ತು. ಒಂದೇ ಸೆಕೆಂಡಿನಲ್ಲಿ ಇಳಿದರೆ ಮುನ್ನೂರು. ಫಲಕ ಮಲಗಿಲ್ಲ, ಮಲಗಿದಂತೆ ನಟಿಸುತ್ತಿದೆ!

ಇಲ್ಲಿಯೂ ಎರಡು ಎಚ್ಚರಿಕೆಗಳು ಬೇಕು. ಧಾರಕವು ತಾನಾಗಿಯೇ ಒಂದಿಷ್ಟು ಸೋರುತ್ತದೆ. ಆದುದರಿಂದ ಮೊದಲು ಫಲಕವನ್ನು ಜೋಡಿಸದೆಯೇ ಅದು ಎಷ್ಟು ಇಳಿಯುವುದೆಂದು ನೋಡಿ ಆ ಸೋರಿಕೆಯನ್ನು ಕಳೆಯಬೇಕು. ಇನ್ನೊಂದು, ವೋಲ್ಟ್‌ಮೀಟರನ್ನು ಸದಾ ತಗುಲಿಸಿಡಬಾರದು. ಸಾಮಾನ್ಯ ಡಿಜಿಟಲ್ ಮೀಟರಿನ ರೋಧ ಒಂದು ಕೋಟಿ ಓಮ್ ಇದ್ದರೂ ೩.೩ ವೋಲ್ಟ್‌ನಲ್ಲಿ ಅದು ತಾನೇ ಮೂರನೆಯ ಒಂದು ಮೈಕ್ರೊ ಆಂಪಿಯರ್ ಕುಡಿಯುತ್ತದೆ. ಬೇರೆಡೆ ಇದು ಲೆಕ್ಕಕ್ಕೆ ಬಾರದ ಪ್ರಮಾಣ. ೫ರ ಮುಂದೆ ಅಲಕ್ಷ್ಯ ಮಾಡುವಂತಹುದಲ್ಲ. ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಮುಟ್ಟಿಸಿದರೆ ಸಾಕು.

ಅಂಗಡಿಯಿಂದ ತಂದ ಫಲಕವನ್ನು ಹೀಗೆ ಮೊದಲ ಸಲ ಅಳೆಯುವವರಿಗೆ ದೊರೆಯುವ ಉತ್ತರ ಸಾಮಾನ್ಯವಾಗಿ ದಿಗಿಲುಗೊಳಿಸುವಂತಹುದು. ಚಿಪ್ಪಿನ ಕೈಪಿಡಿಯಲ್ಲಿ ೦.೧ ಮೈಕ್ರೊ ಆಂಪಿಯರ್ ಎಂದಿದ್ದರೆ ಫಲಕವು ಹತ್ತಾರು ಮಿಲಿ ಆಂಪಿಯರ್ ನುಂಗುತ್ತಿರುತ್ತದೆ. ಕೈಪಿಡಿ ಸುಳ್ಳು ಹೇಳಿಲ್ಲ. ಚಿಪ್ಪು ಮಲಗಿದೆ, ಮನೆಯವರೆಲ್ಲರೂ ಎದ್ದಿದ್ದಾರೆ. ಫಲಕದ ಮೇಲೆ ವಿದ್ಯುತ್ ಬಂದಿದೆಯೆಂದು ತಿಳಿಸುವ ಪುಟ್ಟ ದೀಪವೊಂದು ಹಗಲಿರುಳೂ ಉರಿಯುತ್ತಿದೆ. ಕಂಪ್ಯೂಟರಿನೊಡನೆ ಮಾತನಾಡುವ ಇನ್ನೊಂದು ಚಿಪ್ಪು, ಕಾಲುವೆಯ ದಡದಲ್ಲಿ ಕಂಪ್ಯೂಟರೇ ಇಲ್ಲದಿದ್ದರೂ, ಕಿವಿಗೊಟ್ಟು ಕುಳಿತಿದೆ. ವೋಲ್ಟನ್ನು ಸಮವಾಗಿರಿಸುವ ರೆಗ್ಯುಲೇಟರ್ ತನ್ನ ಕೂಲಿಯನ್ನು ತಾನೇ ತೆಗೆದುಕೊಳ್ಳುತ್ತಿದೆ. ಹಳೆಯ ಮಾದರಿಯ ಕೆಲವು ರೆಗ್ಯುಲೇಟರುಗಳಿಗೆ ಆ ಕೂಲಿ ೫ ಮಿಲಿ ಆಂಪಿಯರಿಗೂ ಹೆಚ್ಚು. ಕಲಿಯುವವರ ಮೇಜಿನ ಮೇಲೆ ಇವೆಲ್ಲವೂ ಉಪಕಾರಿಗಳೇ. ದೀಪ ಉರಿಯದ ಫಲಕವನ್ನು ಕಂಡರೆ ವಿದ್ಯಾರ್ಥಿಗೆ ಅದು ಕೆಟ್ಟಿದೆಯೊ ಸರಿಯಾಗಿದೆಯೊ ತಿಳಿಯದು. ಹೊಲಕ್ಕೆ ಹೋಗುವಾಗ ಮಾತ್ರ ಅವರನ್ನು ಮನೆಯಲ್ಲಿಯೇ ಬಿಟ್ಟುಹೋಗಬೇಕು.

ಆ ದೀಪವೊಂದನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿರಿ. ಅದು ೨ ಮಿಲಿ ಆಂಪಿಯರ್ ಬಳಸಿದರೆ ನಮ್ಮ ೨೫ ಮೈಕ್ರೊ ಆಂಪಿಯರಿನೊಡನೆ ಸೇರಿ ೨.೦೨೫ ಮಿಲಿ ಆಂಪಿಯರ್ ಆಯಿತು. ಒಂಬತ್ತು ವರ್ಷದ ಆಯುಷ್ಯ ೪೧ ದಿನಕ್ಕೆ ಇಳಿಯಿತು. ಜುಲೈ ೨೦ರಂದು ಕಾಲುವೆಯ ಬಳಿ ಪೆಟ್ಟಿಗೆಯನ್ನು ಕಟ್ಟಿದರೆ ಆಗಸ್ಟ್ ೩೦ರ ಹೊತ್ತಿಗೆ ಅದು ಮೂಕವಾಗುವುದು. ಬತ್ತಕ್ಕೆ ತೆನೆ ಬಂದು, ನೀರಿಗಾಗಿ ಜಗಳ ಹುಟ್ಟಿ, ರಾತ್ರಿಯ ಗೇಜು ಎಷ್ಟಿತ್ತೆಂದು ಎಲ್ಲರೂ ಕೇಳುವ ವೇಳೆಗೆ ಸಾಕ್ಷಿ ಹೇಳಬೇಕಾದ ಪೆಟ್ಟಿಗೆ ಸತ್ತು ತಿಂಗಳಾಗಿರುತ್ತದೆ.

ತಪ್ಪಿತಸ್ಥರನ್ನು ಕಂಡುಹಿಡಿಯುವುದು ಹೇಗೆ? ಒಬ್ಬೊಬ್ಬರನ್ನಾಗಿ ಹೊರಗೆ ಕಳುಹಿಸಿ ಪ್ರತಿ ಸಲವೂ ಅಳೆಯುವುದೊಂದೇ ದಾರಿ. ಕೆಲವು ಫಲಕಗಳ ಮೇಲೆ ಇದಕ್ಕಾಗಿಯೇ ಅನುಕೂಲವಿರುತ್ತದೆ. ಎಸ್‌ಟಿ ಮೈಕ್ರೊಎಲೆಕ್ಟ್ರಾನಿಕ್ಸ್ ಕಂಪನಿಯ ನ್ಯೂಕ್ಲಿಯೊ ಫಲಕಗಳಲ್ಲಿ ಎರಡು ಕಡ್ಡಿಗಳನ್ನು ಸೇರಿಸುವ ಪುಟ್ಟ ಟೊಪ್ಪಿಗೆಯೊಂದಿದೆ. ಅದನ್ನು ಕಿತ್ತು ಆ ಕಡ್ಡಿಗಳಿಗೆ ಮೀಟರನ್ನು ತಗುಲಿಸಿದರೆ ಮುಖ್ಯ ಚಿಪ್ಪು ಒಂದೇ ಬಳಸುವ ಪ್ರವಾಹ ಕಾಣುತ್ತದೆ. ಆರ್ಡುಯಿನೊದಂತಹ ಫಲಕದಲ್ಲಿ ದೀಪವನ್ನು ಬೆಸುಗೆ ಬಿಡಿಸಿ ತೆಗೆಯಬೇಕು, ಇಲ್ಲವೆ ಚಿಪ್ಪನ್ನೇ ಬೇರೆ ಹಲಗೆಯ ಮೇಲೆ ಕೂರಿಸಬೇಕು. ಇಷ್ಟು ಮಾಡಿದ ಮೇಲೂ ಕೆಲವೊಮ್ಮೆ ವೆಚ್ಚ ಇಳಿಯುವುದಿಲ್ಲ. ಆಗ ನೋಡಬೇಕಾದುದು ಚಿಪ್ಪಿನ ಬಳಕೆಯಾಗದ ಕಾಲುಗಳನ್ನು. ಯಾವುದಕ್ಕೂ ಜೋಡಿಸದೆ ಬಿಟ್ಟ ಕಾಲು 'ಹೌದು', 'ಅಲ್ಲ' ಎರಡರ ನಡುವೆ ತೂಗಾಡುತ್ತ, ಒಳಗಿನ ಸ್ವಿಚ್ಚುಗಳನ್ನು ಅರೆ ತೆರೆದ ಬಾಗಿಲಿನಂತೆ ನಿಲ್ಲಿಸಿಬಿಡುತ್ತದೆ. ಅಲ್ಲಿಂದ ವಿದ್ಯುತ್ತು ಸೋರುವುದು. ಆ ಕಾಲುಗಳಿಗೆ ನಿಶ್ಚಿತ ಸ್ಥಿತಿಯೊಂದನ್ನು ಕೊಡುವಂತೆ ಕ್ರಮವಿಧಿಯಲ್ಲಿ ಒಂದೆರಡು ಸಾಲು ಬರೆದರೆ ಸೋರಿಕೆ ನಿಲ್ಲುತ್ತದೆ. ಯಾವ ಪರಿಕರವನ್ನೂ ಕೊಳ್ಳದೆ, ಬರೆಹದಿಂದಲೇ ಸೆಲ್ಲಿನ ಆಯುಷ್ಯವನ್ನು ಹೆಚ್ಚಿಸುವ ಈ ಭಾಗ ನನಗೆ ಬಹಳ ಹಿಡಿಸುತ್ತದೆ.

ಸೌರಫಲಕವನ್ನು ಕಟ್ಟಿಬಿಟ್ಟರೆ ಈ ಜಿಪುಣತನವೇ ಬೇಡವಲ್ಲವೆ ಎಂದು ನೀವು ಕೇಳಬಹುದು. ರಾಯಚೂರಿನಲ್ಲಿ ಬಿಸಿಲಿಗೇನೂ ಬರವಿಲ್ಲ. ತೂಬಿನ ಬಾಗಿಲನ್ನೆತ್ತುವ ಯಂತ್ರಕ್ಕೆ ಸೌರಫಲಕ ಬೇಕೇ ಬೇಕು. ಆದರೆ ಧೂಳು ಮುಚ್ಚಿದ, ಹಕ್ಕಿ ಹಿಕ್ಕೆ ಹಾಕಿದ, ಕಳ್ಳನ ಕಣ್ಣಿಗೂ ಬೀಳುವ ಫಲಕಕ್ಕಿಂತ ಪೆಟ್ಟಿಗೆಯೊಳಗಿನ ಎರಡು ಸೆಲ್ಲುಗಳು ಈ ಕೆಲಸಕ್ಕೆ ಹೆಚ್ಚು ನಂಬಿಕೆಗೆ ಅರ್ಹವೆಂದು ತೋರುತ್ತದೆ. ಸೌರಫಲಕವನ್ನು ಹಾಕಿದರೂ, ಮುಂಗಾರಿನ ಮೋಡ ಮುಸುಕಿದ ವಾರವನ್ನು ದಾಟಲು ಎಷ್ಟು ಸಂಗ್ರಹ ಬೇಕೆಂಬ ಲೆಕ್ಕಕ್ಕೆ ಇದೇ ಅಳತೆ ಬೇಕಾಗುವುದು.

ಬಿಸಿಲಿನ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಹೇಳಬೇಕು. ಕೈಪಿಡಿಗಳ ಅಂಕಿಗಳು ಸಾಮಾನ್ಯವಾಗಿ ೨೫ ಡಿಗ್ರಿಗೆ ಸಂಬಂಧಿಸಿದವು. ರಾಯಚೂರಿನ ಮೇ ತಿಂಗಳು ೪೦ ಡಿಗ್ರಿಯನ್ನು ದಾಟುತ್ತದೆ. ನೆರಳಿಲ್ಲದ ಕಾಲುವೆಯ ಏರಿಯ ಮೇಲೆ ಮುಚ್ಚಿದ ಪೆಟ್ಟಿಗೆಯ ಒಳಗೆ ಅದಕ್ಕಿಂತಲೂ ಹೆಚ್ಚು. ಸಿಲಿಕಾನಿನ ಸ್ವಿಚ್ಚು ಮುಚ್ಚಿದ್ದರೂ ಅದರಲ್ಲಿ ಎಳ್ಳಷ್ಟು ಸೋರಿಕೆ ಇದ್ದೇ ಇರುವುದು. ಉಷ್ಣತೆ ಹತ್ತು ಡಿಗ್ರಿ ಏರಿದಾಗಲೆಲ್ಲ ಈ ಸೋರಿಕೆ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ತಂತ್ರಜ್ಞರ ಬಾಯಿಲೆಕ್ಕ. ೨೫ರಿಂದ ೫೫ಕ್ಕೆ ಏರಿದರೆ ಮೂರು ಸಲ ಇಮ್ಮಡಿ, ಎಂದರೆ ಎಂಟು ಪಟ್ಟು. ತಂಪಾದ ಕೋಣೆಯಲ್ಲಿ ತೆಗೆದ ಅಳತೆ ದೇವದುರ್ಗದ ಎರೆ ಹೊಲಕ್ಕೆ ಹೊಂದದು. ಪೆಟ್ಟಿಗೆಯನ್ನು ಮುಚ್ಚಿ, ಮೇ ತಿಂಗಳ ಮಧ್ಯಾಹ್ನ ಶಾಲೆಯ ಮಾಳಿಗೆಯ ಮೇಲಿಟ್ಟು, ಧಾರಕದ ಪ್ರಯೋಗವನ್ನು ಅಲ್ಲಿಯೇ ಮತ್ತೊಮ್ಮೆ ಮಾಡಬೇಕು. ಹಾಗೆಯೇ ರೇಡಿಯೊ ಸಂದೇಶ ಊರಿನವರೆಗೆ ಒಂದೇ ಸಲಕ್ಕೆ ತಲುಪುವುದೆ, ಎರಡು ಮೂರು ಸಲ ಕೂಗಬೇಕಾಗುವುದೆ ಎಂಬುದನ್ನು ಕಾಲುವೆಯ ಬಳಿಗೇ ಹೋಗಿ ನೋಡಬೇಕು. ಪ್ರತಿ ಕೂಗಿಗೂ ಬೆಲೆಯುಂಟು.

ಎಲ್ಲವೂ ಪ್ರತಿಕೂಲವಾಯಿತೆಂದೇ ಹಿಡಿಯೋಣ. ಕಾವಿನಿಂದ ನಿದ್ರೆಯ ವೆಚ್ಚ ೫ರಿಂದ ೧೦ಕ್ಕೆ ಏರಿತು. ಮೂರು ಸಲ ಕೂಗಬೇಕಾಗಿ ಎಚ್ಚರದ ವೆಚ್ಚ ೨೦ರಿಂದ ೬೦ಕ್ಕೆ ಏರಿತು. ಒಟ್ಟು ೭೦ ಮೈಕ್ರೊ ಆಂಪಿಯರ್. ಬತ್ತದ ಬೆಳೆಗೆ ೧೨೦ ದಿನ, ಎಂದರೆ ೨೮೮೦ ಗಂಟೆ. ದಿನಕ್ಕೆ ೯೬ರಂತೆ ಪೆಟ್ಟಿಗೆ ಅಷ್ಟು ದಿನಗಳಲ್ಲಿ ೧೧,೫೨೦ ಸಲ ಎದ್ದು ನೀರಿನ ಎತ್ತರವನ್ನು ತಿಳಿಸಿರುತ್ತದೆ. ಸುಗ್ಗಿಯ ಹೊತ್ತಿಗೆ ಸೆಲ್ಲುಗಳಿಂದ ಖರ್ಚಾಗಿರುವುದು ಸುಮಾರು ೨೦೨ ಮಿಲಿ ಆಂಪಿಯರ್-ಗಂಟೆ. ಇದ್ದುದರ ಹತ್ತರಲ್ಲಿ ಒಂದು ಪಾಲು. ಆ ಪುಟ್ಟ ದೀಪವೊಂದನ್ನು ಉರಿಯಲು ಬಿಟ್ಟಿದ್ದರೆ ಅದಕ್ಕೇ ೫೭೬೦ ಬೇಕಾಗುತ್ತಿತ್ತು.